ನಮ್ಮ ಮನಿ ಗೋಡಿಗೆ ಬಂದ ದೆವ್ವ

ನಾ ಯಾರನ್ನರೆ ಒಂದಕ್ಕ ಅಂಜಿಸಾಕ ಹೋದ್ರ ಅವರು ಇನ್ನೊಂದಕ್ಕ ಅಂಜ್ತಾರ. ಇದು ನನ್ನ ಹಣೆಬರಹ, ಏನ್ ಮಾಡೋದು!

ನಾ ಅಫಜಲಪುರದಾಗ ಡ್ರಾಯಿಂಗ್ ಮಾಸ್ತರ. ಒಂದು ಹಳೇ ವಿಲಾಯತಿ ದೆವ್ವದ ಸಿನಿಮಾ ಅಂದ್ರ ನನಗ ಜೀವ. ಬಣ್ಣ ಇಲ್ಲ, ರಕ್ತ ಇಲ್ಲ, ಚೀರಾಟ ಇಲ್ಲ. ದೊಡ್ಡ ಬಂಗಲೆ, ಹೊರಗ ಮಂಜು, ಒಳಗ ಮೇಣಬತ್ತಿ. ಸತ್ತ ಹೆಂಡತಿ ಗಂಡನ ಬಾಗಲಿಗೆ ಬಂದು ಸುಮ್ಮ ನಿಂದರ್ತಾಳ, ಅಷ್ಟೇ. ಆದ್ರ ಆ ನೆಳ್ಳು-ಬೆಳಕಿನ ಆಟ ನೋಡಿದ್ರ ಎದಿ ಝಲ್ ಅಂತದ. ಅದನ್ನ ದೊಡ್ಡದಾಗಿ ನೋಡಬೇಕಂತ ಪ್ರೊಜೆಕ್ಟರ್ ತಂದು, ಪಡಸಾಲಿ ಗೋಡಿಗೆ ನಾನೇ ಬಿಳಿ ಬಣ್ಣ ಬಳದೇನಿ.

ಅದೇ ಗೋಡಿ ಮ್ಯಾಲೆ ನನ್ನ ಹೆಂಡತಿ ಕಣ್ಣು ಬಿತ್ತು. ಬಡಿಗ್ಯಾನ್ನ ಕರಿಸಿ ಶೋಕೇಸಿಗೆ ಅಳತಿನೂ ಕೊಟ್ಟಳು. ನಾ ಕೈಕಾಲು ಹಿಡಿದ ಮ್ಯಾಲೆ ಅಂದಳು, "ನಿಮ್ಮನ್ನ ಬಿಟ್ಟು ಇನ್ನೊಬ್ಬರು ಯಾರರೆ ಆ ಸಿನಿಮಾ ಕಡೀತನಾ ಮನಸ್ಸಿಟ್ಟು ನೋಡ್ಲಿ, ಗೋಡಿ ನಿಮ್ದು. ಇಲ್ಲಂದ್ರ ಮೊಳಿ ಹೊಡಸ್ತೇನಿ."

ಐತಾರ ಮಧ್ಯಾಹ್ನ ಕಿಡಕಿಗೆಲ್ಲ ಕಂಬಳಿ ಕಟ್ಟಿ ಕತ್ತಲಿ ಮಾಡಿ, ಮಂದೀನ್ನ ಕರಿಯಾಕ ಸುರು ಮಾಡ್ದೆ.

ಮಂಜು

ಮೊದಲ ಗಿರಾಕಿ ನನ್ನ ಷಡ್ಡಕ. ಆಳಂದ ಕಡಿ ಮಟಕಿ ಅನ್ನೋ ಊರಾವ, ತೊಗರಿ ಬೆಳಿಯೋ ಮನಷ್ಯಾ.

ಸಿನಿಮಾ ಸುರು ಆಗೋದೇ ಮಂಜಿನಿಂದ. ಹೊಲದ ಮ್ಯಾಲಿಂದ ಮೆಲ್ಲಕ ಹಬ್ಬಿ ಬಂಗಲೆ ಮುಚ್ಚತದ. ಆರಾಮ ಒರಗಿದ್ದ ಷಡ್ಡಕ ನೆಟ್ಟಗ ಕುಂತ. "ಅಯ್ಯಯ್ಯೋ" ಅಂದ. ಮಾರಿ ಬಾಡಿತು. ನನಗ ಒಳಗೊಳಗ ಖುಷಿಯೋ ಖುಷಿ. ದೆವ್ವ ಬಾಗಲಿಗೆ ಬರೋ ಹೊತ್ತಿಗೆ ಆತ ಎದ್ದೇ ಬಿಟ್ಟ.

"ಅಂಜಿದ್ರೇನ್ರಿ?" ಅಂದೆ.

"ಅಂಜದೆ ಏನ್ರಿ? ಹಿಂಗ ಮಂಜು ಬಿದ್ರ ತೊಗರಿ ಹೂ ಒಂದಾದ್ರೂ ಉಳೀತದೇನು? ನಂದು ಈಗ ಹೂವಿಗೆ ಬಂದದ. ನಾ ಊರಿಗೆ ಹೋಗ್ತೇನಿ."

"ಅಲ್ರಿ, ದೆವ್ವ ನೋಡಲಿಲ್ಲೇನು?"

ಷಡ್ಡಕ ಚಪ್ಪಲಿ ಮೆಟ್ಟಕೋತ ಕೇಳಿದ, "ಯಾವ ದೆವ್ವ?"

ಮೇಣಬತ್ತಿ

ಮುಂದಿನ ಐತಾರ ಬಾಜು ಮನಿ ಲೈನ್‌ಮನ್ ಚಾಚಾ. ಮೂಲ ಜೇವರ್ಗಿಯವರು. "ಅರೆ ಮಾಸ್ತರ್, ಕಂಬ ಹತ್ತೋ ಮನಷ್ಯಾ ನಾ, ದೆವ್ವಕ್ಕ ಅಂಜ್ತೇನೇನು?" ಅಂತ ಎದಿ ಉಬ್ಬಿಸಿ ಕುಂತ್ರು.

ಮನಿ ಕೆಲಸದ ಹುಡುಗಿ ಮೇಣಬತ್ತಿ ಹಿಡಿದು ಕತ್ತಲಾಗ ನಡಿಯೋ ದೃಶ್ಯ ಬಂತು. ಅಬ್ಬಬ್ಬಾ, ಏನು ಚಂದ! ಚಾಚಾ ಮಾತ್ರ ಮಿಸುಗಾಡಾಕತ್ತರು.

"ಪಾಪ ಬೇಟಿ! ಇಷ್ಟು ದೊಡ್ಡ ಬಂಗಲೆಗೆ ಲೈಟ್ ಇಲ್ಲೇನ್ರಿ? ಕಂಪ್ಲೇಂಟ್ ಕೊಟ್ಟಾಳೋ ಇಲ್ಲೋ?"

"ಚಾಚಾ, ಆಗ ಇನ್ನೂ ಕರೆಂಟೇ ಬಂದಿರಲಿಲ್ಲ."

"ಎಲ್ಲಾರೂ ಹಾಂಗೇ ಅಂತಾರ್ರಿ."

ಗಾಳಿಗೆ ಆಕಿ ಮೇಣಬತ್ತಿ ಆರಿತು. ಅದೇ ಹೊತ್ತಿಗೆ ನಮ್ಮ ಓಣಿ ಕರೆಂಟೂ ಹೋಯಿತು. "ಯಾ ಅಲ್ಲಾ!" ಅಂತ ಚಾಚಾ ಚೀರಿದರು. ಅಂತೂ ಒಬ್ಬರು ಅಂಜಿದ್ರಲ್ಲ ಅಂತ ನನಗ ಸಮಾಧಾನ. ಆದ್ರ ಅವರ ಕೈಯಾಗ ಫೋನು ಬಡಕೊಳ್ಳಾಕತ್ತಿತ್ತು. ಒಂದು ಕಂಪ್ಲೇಂಟ್ ಬಿಟ್ರ ಇನ್ನೊಂದು.

"ಮಾಸ್ತರ್, ಯಾರರೆ ಬಂದ್ರ ನಾ ಇಲ್ಲಂತ ಹೇಳ್ರಿ!" ಅಂದವರೇ ಕಂಬಳಿ ಹಿಂದ ಸರಿದರು.

ನಾ ಬಾಗಲಾ ತೆಗದೆ. ಓಣಿ ಮಂದಿ ಸಾಲಾಗಿ, ಮಾತಿಲ್ಲದಂಗ, ಥೇಟ್ ಸಿನಿಮಾದಾಂಗ ನಿಂತಿದ್ರು.

ಕುಂಕುಮ

ಹೆಂಡತಿ ಬಡಿಗ್ಯಾಗ ಸೋಮವಾರ ಬಾ ಅಂತ ಹೇಳಿಯೇಬಿಟ್ಟಳು. ಉಳಿದಿದ್ದು ಒಂದೇ ಐತಾರ. ಅವತ್ತು ಕರಜಗಿಯಿಂದ ನಮ್ಮ ಅತ್ತಿ, ಅಂದ್ರ ಹೆಂಡತಿ ತಾಯಿ, ಬಂದಿದ್ರು. ಬೇರೆ ಯಾರೂ ಸಿಗಲಿಲ್ಲ, ಅವರನ್ನೇ ಕುಂದ್ರಿಸಿದೆ.

 ಮಂಜು ಬಂತು, ಮೇಣಬತ್ತಿ ಆರಿತು, ಅತ್ತಿ ಕಣ್ಣು ಗೋಡಿ ಬಿಟ್ಟು ಕದಲಲಿಲ್ಲ.  ಕಡೀ ದೃಶ್ಯ ಬಂತು. ಸತ್ತ ಹೆಂಡತಿ ಬಾಗಲಾಗ ನಿಂತಾಳ, ಗಂಡ ತಲಿ ಎತ್ತವಲ್ಲ. ಆಕಿ ಸುಮ್ಮ ನೋಡಿ ನೋಡಿ ಹೊರಳಾಕ ಹತ್ತಿದಳು.

ಅಷ್ಟೊತ್ತಿಗೆ ಅತ್ತಿ ಎದ್ದರು! ದಡದಡ ಒಳಗ ಹೋದರು. ಹೋತು ನನ್ನ ಗೋಡಿ ಅಂತ ತಲಿ ಮ್ಯಾಲೆ ಕೈ ಇಟ್ಟೆ. ಅಡಗಿ ಮನಿ ಬಾಗಲಾಗ ಹೆಂಡತಿ ನಕ್ಕಳು.

ಅತ್ತಿ ದೇವರ ಮನಿಯಿಂದ ಕುಂಕುಮದ ಭರಣಿ ಹಿಡಕೊಂಡು ಓಡಿ ಬಂದರು. "ತಡಿಯವ್ವಾ, ಹಾಂಗೇ ಹೋಗಬ್ಯಾಡ!" ಅಂತ ಗೋಡಿ ಮ್ಯಾಲಿನ ದೆವ್ವದ ಹಣಿಗೆ ಕುಂಕುಮ ಒತ್ತಿಬಿಟ್ಟರು.

"ಯವ್ವಾ, ಅದು ದೆವ್ವ ಬೇ!" ಅಂತ ಹೆಂಡತಿ ಚೀರಿದಳು.

"ದೆವ್ವಾದ್ರೇನು? ಗಂಡ ಗಟ್ಟಿ ಅದಾನ, ಮುತ್ತೈದಿಯಾಗಿ ಹೋಗ್ಯಾಳ. ಬಾಗಲಿಗೆ ಬಂದ ಮುತ್ತೈದೀನ್ನ ಬರೀ ಹಣೀಲೆ ಕಳಸ್ತಾರೇನ? ಆ ಗಂಡ ಮೂಳಗ ಒಳಗ ಬಾ ಅನ್ನಾಕೂ ಬಾಯಿಲ್ಲ!" ಅಂತ ಅತ್ತಿ ಸೆರಗಿಲೆ ಕಣ್ಣು ಒರಸಿಕೊಂಡರು.  ಆ ಸಿನಿಮಾ ನನ್ನಷ್ಟೇ ನೋಡಿದವರು ಒಬ್ಬರು ಅಂತೂ ಸಿಕ್ಕರು.

ಮರುದಿನ ಸೋಮವಾರ, ಮೊದಲೇ ಹೇಳಿದಂಗ ಬಡಿಗ್ಯಾ ಡ್ರಿಲ್ ಮಷೀನ್ ತಂದ. ಗೋಡಿ ಮ್ಯಾಲಿನ ಕುಂಕುಮ ನೋಡಿದವನೇ ಕೈ ಮುಗಿದು, "ಇಲ್ಲಿ ನಾ ಮೊಳಿ ಹೊಡಿಯಂಗಿಲ್ರಿ" ಅಂತ ಹೊಂಟೇ ಹೋದ. ಈಗ ಹೆಂಡತಿನೇ ಶುಕ್ರವಾರಕ್ಕೊಮ್ಮೆ ಅಲ್ಲಿ ಊದಿನಕಡ್ಡಿ ಹಚ್ಚತಾಳ. ಅಳಸಾಕ ಯಾರಿಗೂ ಧೈರ್ಯ ಇಲ್ಲ.

ಗೋಡಿ ಉಳೀತು. ಆದ್ರ ಮೊನ್ನೆ ಬ್ಯಾರೆ ಒಂದು ಸಿನಿಮಾ ಹಾಕಿದ್ದೆ. ಖೂನಿ ಮಾಡಾವ ಚಾಕು ಹಿಡಿದು ಹತ್ತಿರ ಹತ್ತಿರ ಬಂದ, ಮಾರಿ ಗೋಡಿ ತುಂಬ ಆಯಿತು, ಅವನ ಹಣಿ ಸರಿಯಾಗಿ ಕುಂಕುಮ ಇದ್ದಲ್ಲೇ ಬಂದು ನಿಂತಿತು. ಹೆಂಡತಿ ಎದ್ದು ಕೈ ಮುಗಿದಳು.