ಆಷಾಢ ಕಳೆದ ಇಲಿಗಳು

ಒಳ್ಳೆಯ ದಿನ ನೋಡುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಪುಣೆಯಲ್ಲಿಲ್ಲ ಎಂದು ಬಹಳ ಕಾಲ ನಂಬಿದ್ದೆ.

ತೊಂಬತ್ತರ ದಶಕದಲ್ಲಿ ಪುಣೆಯ ಹಡಪಸರದ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಅಲ್ಲಿ ವಿಶೇಷ ತಳಿಯ ಪುಟ್ಟ ಇಲಿಗಳಿದ್ದವು. ಜೋರಾಗಿ ಗಂಟೆ ಬಾರಿಸಿದರೆ ಹುಚ್ಚೆದ್ದು ಓಡಿ, ಬಿದ್ದು, ಫಿಟ್ಸ್ ಬಂದು ಒದ್ದಾಡುತ್ತಿದ್ದವು. ಅದನ್ನು ತಡೆಯುವ ಔಷಧಿ ಹುಡುಕುವುದು ಧಾರವಾಡದ ದೇಶಪಾಂಡೆ ಮೇಡಂ ಕೆಲಸ. ಗಂಟೆ ಬಾರಿಸುವ ಗುರುತರ ಹೊಣೆ ನನ್ನದು. ಈ ಯೋಜನೆ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ದಿಲ್ಲಿಯಿಂದ ಮೂವರು ಬರುವವರಿದ್ದರು. ಬೇಡವೆಂದರೆ ನನ್ನ ನೌಕರಿಗೂ ಮಂಗಳ!

ಅವರಿಗೆ ಪ್ರಯೋಗ ತೋರಿಸಲೆಂದು ಮೇಡಂ ಹನ್ನೆರಡು ಮರಿಗಳನ್ನು ಬೇರೆ ಪಂಜರದಲ್ಲಿ ಇರಿಸಿದರು. "ದಿಲ್ಲಿಯವರು ಎರಡು ತಾರೀಖು ಕೊಟ್ಟಾರ. ಮೊದಲನೇದಕ್ಕ ಹೂಂ ಅಂತ ಫ್ಯಾಕ್ಸ್ ಮಾಡ್ರಿ" ಎಂದು ಹೇಳಿ ವಾರದ ರಜೆ ಹಾಕಿ ಊರಿಗೆ ಹೋದರು.

ಮನೆಯಲ್ಲಿ ಹೆಂಡತಿ ಶಾಂತಾ ಆ ಮೊದಲನೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ನೋಡಿ ಹೌಹಾರಿದಳು. "ಆಷಾಢದಾಗ ಯಾರರೆ ಇಂಥಾ ಕೆಲಸ ಇಟ್ಕೋತಾರೇನ್ರಿ? ನೌಕರಿ ಪ್ರಶ್ನೆ ಅದ!"

ನನಗೂ ಖರೆ ಎನಿಸಿತು. ಎರಡನೆಯ ತಾರೀಖಿಗೆ, ತಿಂಗಳ ನಂತರದ ಶ್ರಾವಣ ಶುಕ್ರವಾರಕ್ಕೆ, ಹೂಂ ಎಂದು ಫ್ಯಾಕ್ಸ್ ಮಾಡಿದೆ.

ತಿರುಗಿ ಬಂದ ಮೇಡಂ ತಾರೀಖು ಬದಲಾದದ್ದು ತಿಳಿದು ಸಿಡುಕಿದರು. "ಆತು ಬಿಡ್ರಿ. ಆ ದಿನಕ್ಕ ಮರಿ ಇರ್ತಾವಲ್ಲ?"

"ಭಾಳ ಛಲೋ ಇರ್ತಾವ್ರಿ!"

ಅವೇ ಹನ್ನೆರಡನ್ನು ತಿಂಗಳಿಡೀ ತಿನ್ನಿಸಿ ದುಂಡಗೆ ಮಾಡಿದೆ.

ಶುಕ್ರವಾರ ಬಂತು. ಅತಿಥಿಗಳೂ ಬಂದರು. ದೇವರನ್ನು ನೆನೆದು ಗಂಟೆಯ ಸ್ವಿಚ್ ಒತ್ತಿದೆ. ಇಬ್ಬರು ಕಿವಿ ಮುಚ್ಚಿಕೊಂಡರು. ಮೂರನೆಯವರ ಚಹಾ ಚೆಲ್ಲಿತು. ಮೊದಲನೆಯ ಇಲಿ ಕೂತು ಮುಖ ತೊಳೆದುಕೊಂಡಿತು. ಎರಡನೆಯದು ಆಕಳಿಸಿತು. ಹನ್ನೆರಡರಲ್ಲಿ ಒಂದೂ ಬೀಳಲಿಲ್ಲ!

"ಎಕ್ಸಲೆಂಟ್!" ಎಂದರು ಹಿರಿಯರು. "ಇಷ್ಟು ಒಳ್ಳೆಯ ಔಷಧಿ ನಾನು ನೋಡೇ ಇಲ್ಲ."

ಸುಮ್ಮನಿದ್ದರೆ ಅಲ್ಲಿಗೇ ಗೆದ್ದಂತೆ ಆಗುತ್ತಿತ್ತು. ಆದರೆ ಬಾಯಿ ನನ್ನದು. "ಸಾಬ್, ದವಾಯಿ ತೋ ಅಭೀ ದೀ ಹೀ ನಹೀ!" ಔಷಧಿ ಇನ್ನೂ ಕೊಟ್ಟೇ ಇಲ್ಲ ಎಂದುಬಿಟ್ಟೆ.

ಮೇಡಂ ಒಂದು ಇಲಿಯನ್ನು ಎತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಮೂರು ವಾರದ ಮರಿ ಗಂಟೆಗೆ ಬೀಳ್ತಾವ. ಬೆಳೆದ ಮ್ಯಾಲೆ ಬೀಳೂದಿಲ್ಲ. ಇವು ಏಳು ವಾರದವು, ಲಗ್ನದ ವಯಸ್ಸಿನವು! ತಾರೀಖು ಯಾಕ ಮುಂದ ಹಾಕಿದ್ರಿ?"

"ಆಷಾಢ ಇತ್ರಿ."

ಮೇಡಂ ಅದನ್ನು ಅತಿಥಿಗಳಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಯಾರೂ ನಗಲಿಲ್ಲ. ಮೇಡಂ ಅವರ ಎರಡು ವರ್ಷದ ದುಡಿಮೆಯನ್ನು ನಾನು ಹೊಳೆಗೆ ಹಾಕಿದೆನಲ್ಲ ಎಂದು ತಲೆ ಎತ್ತಲಾರದಷ್ಟು ನಾಚಿಕೆಯಾಯಿತು.

ಹದಿನೈದು ದಿನ ಅನ್ನ ಸೇರಲಿಲ್ಲ. ಕೊನೆಗೆ ದಿಲ್ಲಿಯಿಂದ ವರದಿ ಬಂತು. ಮೇಡಂ ಅದರ ಒಂದು ಪ್ರತಿಯನ್ನು ನನ್ನ ಕೈಗಿತ್ತರು. ಅದರಲ್ಲಿ ಹೀಗಿತ್ತು: "ಪ್ರಯೋಗದಲ್ಲಿ ದೋಷವಿಲ್ಲ, ಮುಂದುವರಿಯಲಿ. ದೋಷವಿರುವುದು ಸಹಾಯಕನಲ್ಲಿ."

ಶಾಂತಾಗೆ ಮೊದಲನೆಯ ವಾಕ್ಯವನ್ನಷ್ಟೇ ಓದಿ ಹೇಳಿದೆ.