ಶತ್ರುವಿಗೆ ಬೆನ್ನು ಹಾಕಿ ಕೂತ ಸ್ನೈಪರ್

ಗಡಿಗುಡ್ಡದ ಆ ಠಾಣೆಯಲ್ಲಿ ಬಹುದೂರಕ್ಕೆ ಗುರಿಯಿಡಬಲ್ಲ ಸ್ನೈಪರ್ ಒಬ್ಬನಿದ್ದನು. ಆದಕಾರಣ ಅವನನ್ನು ಶತ್ರುವಿಗೆ ಬೆನ್ನು ಹಾಕಿ ಕೂರಿಸಲಾಗಿತ್ತು.

ಕಮಾಂಡರ್ ಸಾಹೇಬರು ಅವನ ಬಂದೂಕಿನ ದುರ್ಬೀನಿನಲ್ಲಿ ಒಮ್ಮೆ ಇಣುಕಿ, "ಅಬ್ಬಬ್ಬಾ, ನಮ್ಮ ರಸ್ತೆಯ ಮೈಲಿಗಲ್ಲು ಓದಬಹುದಲ್ಲಯ್ಯಾ!" ಎಂದಿದ್ದರು. ಅದೇ ರಸ್ತೆಯಲ್ಲಿ ಜನರಲ್ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಬರುತ್ತಿದ್ದರು. ಹಿಂದಿನ ಸಲ ಬಂದಾಗ ಕಮಾಂಡರರು ಬನಿಯನ್ನಿನಲ್ಲಿದ್ದರು. ಕೂಡಲೇ ಆದೇಶ ಹೊರಬಿತ್ತು: "ಶತ್ರುವು ಬಂದಾಗ ನೋಡಿಕೊಳ್ಳಲಾಗುವುದು. ಸ್ನೈಪರನು ಮೇಲಧಿಕಾರಿಗಳ ಆಗಮನದ ಮೇಲೆ ಸದಾ ಗುರಿಯಿಡತಕ್ಕದ್ದು. ಗುಂಡು ಹಾರಿಸತಕ್ಕದ್ದಲ್ಲ."

ಸ್ನೈಪರನಿಗೆ ಬೇಕಾಗಿದ್ದು ಒಂದೇ, ರಜೆ. ಮಗಳಿಗೆ ಹಲ್ಲು ಬಂದಿದ್ದರೂ ಅವನು ಅವಳ ಮುಖ ನೋಡಿರಲಿಲ್ಲ. ಕೇಳಿದಾಗಲೆಲ್ಲ, "ನೀನು ಹೋದ್ರೆ ರಸ್ತೆ ನೋಡೋರ್ಯಾರಯ್ಯಾ?" ಎಂದು ಸಾಹೇಬರು ಗದರುವರು.

ಒಂದು ದಿನ ಕತ್ತು ಹಿಡಿದುಕೊಂಡಿತೆಂದು ಹಿಂದಕ್ಕೆ ತಿರುಗಿದ. ನೋಡಿದರೆ, ಎದುರುಗುಡ್ಡದ ಶತ್ರು ಸ್ನೈಪರನೂ ಇವನಿಗೆ ಬೆನ್ನು ಹಾಕಿ, ತನ್ನ ಕಡೆಯ ರಸ್ತೆಯನ್ನೇ ಮಿಕಿಮಿಕಿ ನೋಡುತ್ತಿದ್ದಾನೆ! ಅತ್ತ, ಬಂಡೆಯ ಮರೆಯ ಕಾಲುದಾರಿಯಲ್ಲಿ ಅವರ ಜನರಲ್ ಸದ್ದಿಲ್ಲದೆ ಹತ್ತಿ ಬರುತ್ತಿದ್ದರು. ಆ ದಾರಿ ಇವನಿಗೆ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಇವನಿಗೆ ಅಯ್ಯೋ ಅನ್ನಿಸಿತು. ಗುರಿಯಿಟ್ಟು ಅವನ ಪಕ್ಕದ ತಗಡಿನ ಲೋಟವನ್ನು ಠಣ್ಣನೆ ಹಾರಿಸಿದ. ಹೌಹಾರಿ ತಿರುಗಿದವನಿಗೆ ಕಾಲುದಾರಿಯತ್ತ ಕೈ ತೋರಿಸಿದ. ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ.

ಮರುವಾರ ಇವನ ಲೋಟ ಠಣ್ಣೆಂದಿತು. ನಮ್ಮ ಜನರಲ್ ಇವನ ಬೆನ್ನ ಹಿಂದಿನ ಕಣಿವೆಯಿಂದ ಹತ್ತಿ ಬರುವಷ್ಟರಲ್ಲಿ ಕಮಾಂಡರರು ಸಮವಸ್ತ್ರದ ಕೊನೆಯ ಗುಂಡಿ ಹಾಕಿ ಸೆಲ್ಯೂಟಿಗೆ ನಿಂತಿದ್ದರು. ಜನರಲ್ ಮುಖ ಹುಳ್ಳಗೆ ಮಾಡಿಕೊಂಡು ಹೊರಟರು.

"ಸ್ನೈಪರ್ ಅಂದ್ರೆ ಏನೂಂತ ಈಗ ಅರ್ಥ ಆಯ್ತು ಕಣಯ್ಯಾ," ಎಂದರು ಲೋಟದ ಕಥೆ ಕೇಳಿದ ಕಮಾಂಡರರು. "ನಮ್ಮ ದಾರಿ ನೋಡೋಕೆ ಶತ್ರುವೇ ಇದ್ದಾನಲ್ಲ, ನೀನು ಯಾಕೆ? ಮನೆಗೆ ಹೋಗಿ ಬಾ."

ಸ್ನೈಪರ್ ಕುಣಿದಾಡುತ್ತ ಚೀಲ ಕಟ್ಟಿದ. ಅಷ್ಟರಲ್ಲಿ ಎದುರುಗುಡ್ಡದ ಧ್ವನಿವರ್ಧಕ ಗೊರಗುಟ್ಟಿತು:

"ಮಾನ್ಯ ಶತ್ರುಗಳ ಗಮನಕ್ಕೆ. ತಮ್ಮ ಸ್ನೈಪರರು ಚೀಲ ಕಟ್ಟುತ್ತಿರುವುದು ನಮ್ಮ ದುರ್ಬೀನಿನಿಂದ ತಿಳಿದುಬಂದಿರುತ್ತದೆ. ನಮ್ಮ ಜನರಲ್‌ರವರ ಆಗಮನದ ಕಾಲವಾದ್ದರಿಂದ ಸದರಿ ರಜೆಯನ್ನು ರದ್ದುಪಡಿಸಲು ಕೋರಿದೆ."

"ಅಕ್ಕಪಕ್ಕದವರ ಕಷ್ಟಕ್ಕೆ ನಾವಲ್ಲದೆ ಇನ್ಯಾರಪ್ಪಾ ಆಗಬೇಕು?" ಎಂದು ಕಮಾಂಡರರು ರಜೆ ರದ್ದು ಮಾಡಿದರು.

ಸ್ನೈಪರ್ ಹೆಂಡತಿಗೆ ಫೋನ್ ಮಾಡಿದ.

"ಯಾಕ್ರೀ, ಈ ಸಲವೂ ಸಾಹೇಬ್ರು ಬೇಡ ಅಂದ್ರಾ?"

"ಇಲ್ಲ ಕಣೇ. ಈ ಸಲ ಶತ್ರುಗಳು ಬೇಡ ಅಂದ್ರು."

"ಹೌದಾ!" ಅವಳ ದನಿ ಹೆಮ್ಮೆಯಿಂದ ಉಬ್ಬಿತು. "ಸದ್ಯ, ಅವರಿಗಾದ್ರೂ ನಿಮ್ಮ ಬೆಲೆ ಗೊತ್ತಾಯ್ತಲ್ಲ."