ಹಾಳೆಯ ಹಿಂಬದಿ ಓದುವ ಮಾವ

ಬರವಣಿಗೆಯ ವಿಷಯದಲ್ಲಿ ನನ್ನ ಸೋದರಮಾವನಂಥ ಪಂಡಿತರು ಇಡೀ ಬನಹಟ್ಟಿಯಲ್ಲಿಲ್ಲ. ಅವರು ಸ್ವತಃ ಬರೆಯುವುದು ತಮ್ಮ ಸಹಿಯೊಂದನ್ನೇ, ಅದೂ ನಡುವೆ ಒಮ್ಮೆ ದಣಿವಾರಿಸಿಕೊಂಡು! ಆಯುಷ್ಯವೆಲ್ಲ ಮಗ್ಗದ ಮುಂದೆ ಕಳೆದ ಇಂಥವರು ನನಗೆ ಬರೆಯುವ ಸವಾಲು ಹಾಕಿದರೆಂದರೆ ನಂಬುತ್ತೀರಾ?

ಅವ್ವ, ಅಂದರೆ ಈ ಮಾವನ ಅಕ್ಕ, ತೀರಿಕೊಂಡು ಮೂರು ತಿಂಗಳಾಗಿತ್ತು. ಜಮಖಂಡಿಯಲ್ಲಿ ನನ್ನದು ನೋಟ್‌ಬುಕ್ಕು, ಪೆನ್ನು ಮಾರುವ ಸಣ್ಣ ಅಂಗಡಿ. ಮೊದಲೇ ಮಾತು ಕಡಿಮೆ. ಈಗ ಗಿರಾಕಿಗಳಿಗೂ ತಲೆಯಾಡಿಸಿಯೇ ಉತ್ತರ ಕೊಡುತ್ತಿದ್ದೆ. ಒಂದು ದಿನ ಮಾವ ಬಂದವರೇ ನನ್ನದೇ ಅಂಗಡಿಯ ನೋಟ್‌ಬುಕ್ಕೊಂದನ್ನು ನನ್ನ ಮುಂದೆ ಒಗೆದರು.

“ಊರಿಗೆಲ್ಲಾ ಪೆನ್ನು ಮಾರ್ತಿ, ನೀ ಒಂದ್ ಸಾಲರೆ ಬರದೀಯೇನ್ಲೇ? ಮೂವತ್ತ್ ದಿನ, ದಿನಾ ಒಂದ್ ಹಾಳಿ, ನಮ್ಮಕ್ಕನ ಬಗ್ಗೆ ಬರಿ. ವಾರಕ್ಕೊಮ್ಮೆ ಬಂದು ನನಗ ಓದಿ ಹೇಳು.”

“ನನಗ ಬರಿಯಾಕ ಬರೂದಿಲ್ರಿ ಮಾಮಾ.”

“ಬರೂದಿಲ್ಲಂತನ ಬರಿ ಅನ್ನಾಕತ್ತೇನಿ!”

ಬರೆದೆ. ಒಂದು ಹಾಳೆಯನ್ನು ಮಾತ್ರ ಮುಂದೂಡುತ್ತ ಹೋದೆ: ಅವ್ವನ ಕೊನೆಯ ದಿನದ್ದು. ಅಂದು ನಡೆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮೊದಲ ವಾರ ಹಾಳೆ ಕೊಟ್ಟರೆ, ಸೀರೆ ಪರೀಕ್ಷಿಸುವ ರೂಢಿಯಲ್ಲಿ ಮಾವ ಅದರ ಹಿಂಬದಿ ತಿರುವಿದರು. ಬೆಳಕಿಗೆ ಹಿಡಿದು ಬೆರಳಾಡಿಸಿದರು. “ಇಲ್ಲಿ ಪೆನ್ನು ಒತ್ತಿ ಬರದಿ, ಖರೆ ಐತಿ. ಇಲ್ಲಿ ತೇಲಿಸಿ ಬರದಿ, ಸುಳ್ಳ.” ನಾನಿನ್ನೂ ಒಂದಕ್ಷರ ಓದಿ ಹೇಳಿರಲಿಲ್ಲ! ಆ ಸುಳ್ಳಿನ ಜಾಗದಲ್ಲಿ ನಾನು ಬರೆದದ್ದೇನು ಗೊತ್ತೇ? ‘ನಮ್ಮವ್ವ ದೇವತೆಯಂಥವಳು.’

ಓದಿ ಹೇಳಿದೆ. ಮಾವ ಗದರಿದರು: “ದೇವತಿ ಲಟ್ಟಣಿಗಿ ಹಿಡಕೊಂಡು ತಮ್ಮನ ಬೆನ್ನ ಹತ್ತತಾಳೇನ್ಲೇ? ಅದನ್ನ ಬರಿ!”

ಇನ್ನು ಓದುವ ಜಾಗವೋ, ಅವರ ವಿದ್ಯುತ್ ಮಗ್ಗಗಳ ಶೆಡ್ಡು. ಕರೆಂಟಿರುವಾಗ ಮಗ್ಗ ನಿಲ್ಲಿಸುವುದು ಅವರ ಜಾತಕದಲ್ಲೇ ಇಲ್ಲ. ತುಟಿ ಬಿಚ್ಚದ ನಾನು ನಾಲ್ಕು ಮಗ್ಗಗಳ ಖಟಪಟದ ನಡುವೆ ಕಿರುಚಬೇಕು! “ತವರಿಗೆ ಬಂದಾಗ ಅವ್ವ ಎರಡು ಸಲ ಚಹಾ ಕುಡಿದು, ಒಂದೇ ಸಲ ಅನ್ನುತ್ತಿದ್ದಳು” ಎಂದು ಕೂಗಿದ್ದೇ ತಡ, ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದಳು.

“ಎರಡಲ್ಲೋ ಯಪ್ಪಾ, ಮೂರು! ಇನ್ನೊಂದು ನಮ್ಮನ್ಯಾಗ ಕುಡೀತಿದ್ಲು.”

ಮಾವ ನಕ್ಕರು, ನಾನೂ ನಕ್ಕೆ. ಎಷ್ಟು ದಿನವಾಗಿತ್ತು ಹಾಗೆ ನಕ್ಕು! ಆ ವಾರದಿಂದ ಅಂಗಡಿಯಲ್ಲೂ ನನ್ನ ದನಿ ಕೇಳತೊಡಗಿತು. ಬರೆಯಬಲ್ಲೆ ಎಂಬ ಸಣ್ಣ ಧೈರ್ಯ ಬಂದದ್ದೂ ಮಾವನಿಂದಲೇ. ಅವರ ಉಪಕಾರ ದೊಡ್ಡದು.

ಕೊನೆಗೆ ಮೂವತ್ತನೆಯ ಹಾಳೆ ಒಯ್ದೆ. ಅಂದು ಕರೆಂಟು ಹೋಗಿತ್ತು. ಮೆಲ್ಲಗೆ ಓದಿದೆ: ‘ಮುಧೋಳದಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದ ಅವ್ವ ಫೋನ್ ಮಾಡಿ, ಯಾಕೋ ನಿನ್ನ ನೋಡಬೇಕೆನಿಸಿದೆ, ಬಂದು ಹೋಗು ಎಂದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾಳೆ ಬರುತ್ತೇನೆ ಎಂದೆ. ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ.’

ಮಾವ ಹಾಳೆ ಇಸಿದುಕೊಂಡು ಅದರ ಹಿಂಬದಿಗೆ ಬೆರಳಾಡಿಸಿದರು.

“ನನಗೂ ಮಾಡಿದ್ಲು ಫೋನ್,” ಎಂದರು. “ಸೀರಿ ಮುಗಿಯಾಕ ಬಂದೈತಿ ಯಕ್ಕಾ, ನಾಳೆ ಬರ್ತೇನಿ ಅಂದೆ. ಇದನ್ನೂ ಬರಿಯೋ ತಮ್ಮಾ. ನನಗ ಬರಿಯಾಕ ಬರೂದಿಲ್ಲ.”

ನಾನು ಅವರಿಗೆ ಒತ್ತಿ ಕೂತು ಹೊಸ ಹಾಳೆ ತೆರೆದೆ.

“ಸಾವಕಾಶ ಹೇಳ್ರಿ ಮಾಮಾ.”